ಸುಬ್ಬಿ ಒಳಗೆ ತಂದದ್ದು

ಬೆಕ್ಕು ಸಾಕಿದವರಿಗೆಲ್ಲ ಆ ದನಿ ಗೊತ್ತಿರುತ್ತೆ. ಹಸಿವಾದಾಗಿನ ಮಿಯಾಂವ್ ಅಲ್ಲ, ಬಾಗಿಲು ತೆಗಿ ಅನ್ನೋ ಮಿಯಾಂವೂ ಅಲ್ಲ. ಬಾಯಲ್ಲಿ ಏನನ್ನೋ ಕಚ್ಚಿಕೊಂಡು ಗಂಟಲಿನಿಂದಲೇ ಹೊರಡಿಸುವ ಒಂಥರಾ ಊಳು. ನಮ್ಮನೆಯಲ್ಲಿ ಅದು ಸಾಮಾನ್ಯವಾಗಿ ಬೆಳಿಗ್ಗೆ ಆರಕ್ಕೆ, ನಾನು ಬಾಗಿಲಿಗೆ ನೀರು ಹಾಕುವ ಹೊತ್ತಿಗೆ ಕೇಳಿಸುತ್ತೆ. ಕೇಳಿಸಿದ ಕೂಡಲೇ ಮನೆಮಂದಿಯೆಲ್ಲ ತಂತಮ್ಮ ಜಾಗಕ್ಕೆ ಓಡುತ್ತಾರೆ. ಮಗಳು ಮಂಚದ ಮೇಲೆ. ಇವರು ಅಡುಗೆಮನೆ ಬಾಗಿಲು ಹಾಕಿಕೊಂಡು ಒಳಗೆ. ಅಮ್ಮ ಕುರ್ಚಿಯಲ್ಲಿ ಕಾಲು ಮೇಲೆತ್ತಿಕೊಂಡು "ಎಂಥ ತಂದಿದಾಳೆ ನೋಡೇ" ಅಂತಾಳೆ. ನೋಡಬೇಕಾದವಳು ನಾನು. ಒಂದು ಕೈಯಲ್ಲಿ ಹಳೇ ಟವೆಲ್ಲು, ಇನ್ನೊಂದರಲ್ಲಿ ಪ್ಲಾಸ್ಟಿಕ್ ಬುಟ್ಟಿ.

ಸುಬ್ಬಿ ತಂದದ್ದನ್ನು ನಡುಮನೆಯಲ್ಲಿ ಇಳಿಸುತ್ತಾಳೆ. ಸತ್ತದ್ದಾದರೆ ಕಷ್ಟವಿಲ್ಲ, ಪೇಪರಿನಲ್ಲಿ ಎತ್ತಿ ತೆಂಗಿನ ಬುಡಕ್ಕೆ ಹಾಕಿ ಕೈ ತೊಳೆದರೆ ಆಯಿತು. ಆದರೆ ಅವಳು ತರುವುದರಲ್ಲಿ ಅರ್ಧಕ್ಕರ್ಧ ಜೀವ ಇರುವಂಥವು. ಹಾವುರಾಣಿ, ಓತಿಕ್ಯಾತ, ಹಲ್ಲಿ, ಏರೋಪ್ಲೇನ್ ಚಿಟ್ಟೆ, ಮಿಡತೆ, ಒಂದು ಸಲ ಗೇಣುದ್ದದ ಕೇರೆಹಾವಿನ ಮರಿ. ಸೊಂಡಿಲಿಯನ್ನು ತರುತ್ತಾಳೆ, ಆದರೆ ಅದರ ನಾತಕ್ಕೆ ಮುಖ ಸಿಂಡರಿಸಿ ಬಿಟ್ಟುಬಿಡುತ್ತಾಳೆ. ಅದು ಫ್ರಿಜ್ಜಿನ ಹಿಂದೆ ಹೊಕ್ಕರೆ ನನ್ನ ಅರ್ಧ ದಿನ ಹೋಯಿತು ಅಂತಲೇ ಲೆಕ್ಕ. ನಾವಿರುವುದು ಮೈಸೂರಿನ ರಾಮಕೃಷ್ಣನಗರದಲ್ಲಿ, ಪಕ್ಕದಲ್ಲಿ ಖಾಲಿ ಸೈಟು. ನಮಗೆ ಅದು ಪಾರ್ಥೇನಿಯಂ ಬೆಳೆದ ಕೊಂಪೆ. ಸುಬ್ಬಿಗೆ ಸೂಪರ್ ಮಾರ್ಕೆಟ್ಟು.

ಹೋದ ವರ್ಷ ಯುಗಾದಿಯಿಂದ ನಾನು ಹಾಲಿನ ಲೆಕ್ಕ ಬರೆಯೋ ಕ್ಯಾಲೆಂಡರಿನಲ್ಲೇ ಇದರ ಲೆಕ್ಕವನ್ನೂ ಬರೆಯತೊಡಗಿದೆ. ಪ್ರಾಣಿಯ ಹೆಸರು, ಅದರ ಮುಂದೆ ಒಂದಕ್ಷರ. ಬದುಕಿಸಿ ಹೊರಗೆ ಬಿಟ್ಟಿದ್ದರೆ 'ಬಿ', ಸತ್ತಿದ್ದರೆ 'ಸ'. ಯಾಕೆ ಶುರು ಮಾಡಿದೆನೋ ಗೊತ್ತಿಲ್ಲ. ಬಹುಶಃ 'ಬಿ'ಗಳು ಜಾಸ್ತಿಯಾಗುತ್ತವೆ, ನನಗೆ ಸಮಾಧಾನವಾಗುತ್ತೆ ಅಂದುಕೊಂಡಿರಬೇಕು.

ಸುಬ್ಬಿ ನಮ್ಮನೆಗೆ ಹೇಗೆ ಬಂದಳು ಅನ್ನೋದನ್ನ ಹೇಳದೆ ಮುಂದಿನದು ಹೇಳಿದರೆ ಮೋಸವಾಗುತ್ತೆ.

ಐದು ವರ್ಷದ ಹಿಂದೆ ಅಡುಗೆಮನೆಯಲ್ಲಿ ಇಲಿ ಕಾಟ. ಬೇಳೆ ಪ್ಯಾಕೆಟ್ಟಿನಿಂದ ಹಿಡಿದು ಸೋಪಿನವರೆಗೆ ಎಲ್ಲಕ್ಕೂ ಬಾಯಿ ಹಾಕಿದ್ದವು. ಬೋನಿಗೆ ಬೀಳಲಿಲ್ಲ. ವಿಷ ಇಟ್ಟರೆ ಎಲ್ಲೋ ಸತ್ತು ನಾರುತ್ತೆ ಅಂತ ಇವರು ಅಂಗಡಿಯಿಂದ ಅಂಟಿನ ಹಲಗೆ ತಂದರು. ಪುಸ್ತಕದ ಥರ ಬಿಚ್ಚಿ ಸಿಂಕಿನ ಕೆಳಗಿಟ್ಟರೆ ಆಯಿತು, ಇಲಿ ಬಂದು ಅಂಟಿಕೊಳ್ಳುತ್ತೆ. ಅಂಟಿಕೊಂಡಿತು. ರಾತ್ರಿ ಎರಡರಿಂದ ಬೆಳಗಿನವರೆಗೆ ಅದು ಕಿರುಚಿದ್ದು ನಮಗಿಬ್ಬರಿಗೂ ಕೇಳಿಸುತ್ತಿತ್ತು. ಇಬ್ಬರೂ ನಿದ್ದೆ ಬಂದವರ ಥರ ಮಲಗಿದ್ದೆವು. ಬೆಳಿಗ್ಗೆ ನೋಡಿದರೆ ಬಿಡಿಸಿಕೊಳ್ಳಲು ಹೋಗಿ ಒಂದು ಕಾಲಿನ ಚರ್ಮ ಸುಲಿದಿತ್ತು. ಇವರು ಹಲಗೆ ಮಡಿಚಿ, ಪೇಪರ್ ಸುತ್ತಿ, ಕವರಿಗೆ ಹಾಕಿ ನನ್ನ ಕೈಗೆ ಕೊಟ್ಟರು. ಕಸದ ಗಾಡಿ ಹಾಡು ಹಾಕಿಕೊಂಡು ಬಂತು. ಗಾಡಿಯ ಹೆಂಗಸು ಕವರು ಇಸಕೊಂಡು "ಏನಕ್ಕಾ ಇದು, ಅಲ್ಲಾಡ್ತೈತೆ?" ಅಂದಳು. ನಾನು ಏನೂ ಹೇಳದೆ ಒಳಗೆ ಬಂದು ಕಾಫಿ ಮಾಡಿದೆ.

ಆವತ್ತು ಸಾಯಂಕಾಲವೇ ತೀರ್ಮಾನವಾಯಿತು. ಇನ್ನು ಹಲಗೆ ಬೇಡ, ಬೆಕ್ಕು ತರೋಣ. ಹದಿನೈದು ದಿನದಲ್ಲಿ ಸುಬ್ಬಿ ಬಂದಳು, ಅಂಗೈಯಷ್ಟು ಮರಿ. ದೊಡ್ಡದಾದ ಮೇಲೆ ಇಲಿಗಳು ನಿಂತೇ ಹೋದವು. ಎಷ್ಟನ್ನು ಕೊಂದಳೋ, ಎಷ್ಟು ಅವಳ ವಾಸನೆಗೇ ಓಡಿದವೋ, ನಾವು ಕೇಳಲಿಲ್ಲ. ಸೀದಾ ಹೇಳಬೇಕೆಂದರೆ ಅವಳಿಗೆ ಸುಪಾರಿ ಕೊಟ್ಟಿದ್ದೆವು. ಎರಡು ಹೊತ್ತು ಊಟ, ಮಲಗಲು ಇವರ ಹಳೇ ಸ್ವೆಟರು, ಬದಲಿಗೆ ನಮ್ಮ ಕೈಗೆ ರಕ್ತ ಅಂಟದ ಹಾಗೆ ಕೆಲಸ ಆಗಬೇಕು. ಅವಳು ಮಾತಿಗೆ ತಪ್ಪಲಿಲ್ಲ. ಎಲ್ಲಿಗೆ ನಿಲ್ಲಿಸಬೇಕು ಅಂತ ನಾವೇ ಹೇಳಿರಲಿಲ್ಲ ಅಷ್ಟೆ. ಹಾಗಾಗಿ ಮೊದಲ ಸಲ ಅವಳು ಸೂರಕ್ಕಿ ತಂದು ಇಳಿಸಿದಾಗ "ಅಯ್ಯೋ ಪಾಪಿ!" ಅಂತ ನಾನೇ ಕಿರುಚಿದೆ. ಇಲಿ ತಂದಾಗ ಜಾಣೆ, ಹಕ್ಕಿ ತಂದಾಗ ಪಾಪಿ. ಮಾಡಿದ ಕೆಲಸ ಎರಡೂ ಸಲ ಒಂದೇ.

ಅಮ್ಮನಿಗೆ ಇದೆಲ್ಲ ಅರ್ಥವೇ ಆಗುವುದಿಲ್ಲ. ಅವಳು ತೀರ್ಥಹಳ್ಳಿ ಕಡೆಯವಳು, ಮೂರು ವರ್ಷದಿಂದ ನಮ್ಮ ಜೊತೆಗಿದ್ದಾಳೆ. ಊರಿನ ಮನೆಯಲ್ಲಿ ಬೆಕ್ಕುಗಳು ಸದಾ ಇದ್ದವು. ಆದರೆ ಬೆಕ್ಕು ಮನೆಯದಲ್ಲ, ಅಟ್ಟದ್ದು. ಒಲೆ ಪಕ್ಕ ಹಾಲು ಅನ್ನ ತಿಂದು ಅಟ್ಟ ಹತ್ತಿದರೆ ಅಲ್ಲಿ ಏನಾಗುತ್ತೆ ಅಂತ ಯಾರೂ ಇಣುಕುತ್ತಿರಲಿಲ್ಲ. ನಾನು ಬುಟ್ಟಿ ಹಿಡಿದು ಸೋಫಾ ಕೆಳಗೆ ತೂರಿದಾಗೆಲ್ಲ ಅವಳದು ಒಂದೇ ಮಾತು: "ಎಂಥದು ಮಾರಾಯ್ತಿ ನಿಂದು. ಅದರ ಬಾಯಿಂದ ಕಿತ್ಕೊಳ್ಳೋದು ಪಾಪ ಅಲ್ವಾ?"

ಪಾಪ ಯಾವ ಕಡೆ ಇದೆ ಅನ್ನೋದೇ ನನ್ನ ಪ್ರಶ್ನೆಯೂ.

ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ ಅಂತ ನಮ್ಮ ಗಾದೆ. ಇಬ್ಬರ ಪಾಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವ ಗಾದೆ. ಬೆಕ್ಕು ಸಾಕುವವರೆಗೆ ಇದರಲ್ಲಿ ಏನೋ ಕೊರತೆಯಿದೆ ಅಂತ ನನಗನಿಸಿರಲಿಲ್ಲ. ಈಗ ಅನಿಸುತ್ತೆ. ಅದರಲ್ಲಿ ಇಬ್ಬರೇ ಇದ್ದಾರೆ. ಬುಟ್ಟಿ ಹಿಡಿದು ನಿಂತ ಮೂರನೆಯವಳ ಸುದ್ದಿಯೇ ಇಲ್ಲ.

ಮೊದಲು ಚೆಲ್ಲಾಟದ ವಿಷಯ. ಬೆಕ್ಕು ಬೇಟೆಯನ್ನು ಹಿಡಿದು, ಬಿಟ್ಟು, ಮತ್ತೆ ಹಿಡಿಯುವುದನ್ನು ನೋಡಿದರೆ ಹಿಂಸೆಯಲ್ಲಿ ಸುಖ ಕಾಣುತ್ತಿದೆ ಅಂತಲೇ ಅನಿಸುತ್ತೆ. ಆದರೆ ಬೆಕ್ಕುಗಳನ್ನು ಗಮನಿಸಿ ಬರೆದವರು ಹೇಳುವುದು ಬೇರೆ. ಇಲಿಗೂ ಹಲ್ಲಿದೆ, ಪೂರ್ತಿ ಸುಸ್ತಾಗದ ಇಲಿಗೆ ಮುಖ ಕೊಟ್ಟು ಕಣ್ಣು ಕಳೆದುಕೊಂಡ ಬೆಕ್ಕು ಕಾಡಿನಲ್ಲಿ ಬದುಕುವುದಿಲ್ಲ. ದಣಿಸುವುದು ಅದರ ಎಚ್ಚರಿಕೆ. ಇನ್ನು ತಾಯಿಬೆಕ್ಕು ಮರಿಗಳಿಗೆ ಮೊದಲು ಸತ್ತ ಬೇಟೆ ತರುತ್ತೆ, ಆಮೇಲೆ ಜೀವ ಇರುವುದನ್ನು ತಂದು ಎದುರಿಗೆ ಬಿಟ್ಟು ಕಲಿಸುತ್ತೆ. ನಮ್ಮ ನಡುಮನೆಯಲ್ಲಿ ಸುಬ್ಬಿ ಬಿಟ್ಟ ಓತಿಕ್ಯಾತ ಅಂಥದೇ ಪಾಠವೋ, ಅಥವಾ ತಿನ್ನಲು ನೆಮ್ಮದಿಯ ಜಾಗ ಅಂತ ಒಳಗೆ ತರುತ್ತಾಳೋ, ಅವಳೇ ಹೇಳಬೇಕು. ಪಾಠವೇ ಆಗಿದ್ದರೆ ಟವೆಲ್ಲು ಹಿಡಿದು ಒದ್ದಾಡುವ ನನ್ನಂಥ ದಡ್ಡ ಮರಿ ಅವಳಿಗೆ ಇನ್ನೊಂದು ಸಿಕ್ಕಿರಲಿಕ್ಕಿಲ್ಲ.

ಇಲ್ಲಿ ನನಗೆ ಜನ್ನನ 'ಯಶೋಧರ ಚರಿತೆ' ನೆನಪಾಗುತ್ತೆ. ಕಾಲೇಜಿನಲ್ಲಿ ಓದಿದ್ದು. 1209ರ ಕಾವ್ಯ. ಕೆಟ್ಟ ಕನಸಿನ ಪರಿಹಾರಕ್ಕೆ ಮಾರಿಗೆ ಬಲಿ ಕೊಡು ಅಂತ ತಾಯಿ ಒತ್ತಾಯಿಸುತ್ತಾಳೆ, ಯಶೋಧರ ಒಪ್ಪುವುದಿಲ್ಲ, ಕೊನೆಗೆ ಹಿಟ್ಟಿನ ಕೋಳಿ ಮಾಡಿ ಕಡಿಯುತ್ತಾನೆ. ಒಂದು ತೊಟ್ಟು ರಕ್ತವೂ ಬೀಳಬೇಕಾಗಿರಲಿಲ್ಲ. ಆದರೂ ಆ ಸಂಕಲ್ಪ ಹಿಂಸೆಗೆ ತಾಯಿ ಮಗ ಇಬ್ಬರೂ ನವಿಲು, ನಾಯಿ, ಮೀನು, ಆಡು, ಕೋಳಿ ಅಂತ ಜನ್ಮಜನ್ಮಾಂತರ ತಿರುಗುತ್ತಾರೆ. ಆಗ ಇದು ಅತಿಯಾಯಿತು ಅನಿಸಿತ್ತು. ಹಿಟ್ಟಿನ ಕೋಳಿಗೆ ಇಷ್ಟು ಶಿಕ್ಷೆಯಾ?

ಈಗ ಸುಬ್ಬಿಯನ್ನು ಅದರ ಪಕ್ಕ ನಿಲ್ಲಿಸಿ ನೋಡುತ್ತೇನೆ. ಯಶೋಧರನ ಕೈಗೆ ರಕ್ತವಿಲ್ಲ, ಸಂಕಲ್ಪವಿದೆ. ಸುಬ್ಬಿಯ ಬಾಯಿಗೆ ರಕ್ತವಿದೆ, ಸಂಕಲ್ಪವಿಲ್ಲ. ಅಂದರೆ ಅವಳಿಗೆ ಯಾವ ಕರ್ಮವೂ ಅಂಟುವುದಿಲ್ಲ ಅಂತಾಯಿತು. ಹಾಗಾದರೆ ಬೆಕ್ಕು ತರೋಣ ಅಂತ ಸೋಫಾ ಮೇಲೆ ಕೂತು ತೀರ್ಮಾನ ಮಾಡಿದವರಿಗೆ? ಆ ಸಂಕಲ್ಪ ನಮ್ಮದು. ಹಿಟ್ಟಿನ ಕೋಳಿಯ ಜಾಗದಲ್ಲಿ ಬೆಕ್ಕು ಇಟ್ಟುಕೊಂಡಿದ್ದೇವೆ, ಅಷ್ಟೇ ವ್ಯತ್ಯಾಸ.

ಅದಷ್ಟೇ ಅಲ್ಲ. ನಾವು ಮಾಂಸ ತಿನ್ನುವವರಲ್ಲ. ಮೊದಮೊದಲು ಸುಬ್ಬಿಗೂ ಹಾಲು ಅನ್ನವೇ. ಪರಿಚಯದ ಪಶುವೈದ್ಯರು ಬೈದರು. ಬೆಕ್ಕಿನ ದೇಹಕ್ಕೆ ಟಾರಿನ್ ಅನ್ನೋ ಒಂದು ಪದಾರ್ಥ ಬೇಕು, ಸಾಕಾಗುವಷ್ಟನ್ನು ಅದು ತಾನೇ ತಯಾರಿಸಿಕೊಳ್ಳಲಾರದು, ಮಾಂಸದಿಂದಲೇ ಬರಬೇಕು, ಇಲ್ಲದಿದ್ದರೆ ಕಣ್ಣು ಹೋಗುತ್ತೆ, ಹೃದಯ ಹಾಳಾಗುತ್ತೆ ಅಂದರು. ಅಂದಿನಿಂದ ಕೋಳಿ, ಮೀನು ಹಾಕಿದ ಕಾಳಿನ ಚೀಲ ತರುತ್ತೇವೆ. ಒಂದು ಸೂರಕ್ಕಿ ಬದುಕಿಸಿದೆ ಅಂತ ಹೆಮ್ಮೆಯಿಂದ ಕೈ ತೊಳೆದು, ಅದೇ ಕೈಯಲ್ಲಿ ಅವಳ ತಟ್ಟೆಗೆ ಕೋಳಿಯ ಕಾಳು ಸುರಿಯುತ್ತೇನೆ. ಆ ಕೋಳಿ ನಮ್ಮ ನಡುಮನೆಗೆ ಜೀವಸಹಿತ ಬರಲಿಲ್ಲ. ಅದು ಮಾಡಿದ ತಪ್ಪು ಅಷ್ಟೆ.

ಶಿಬಿ ಚಕ್ರವರ್ತಿಯ ಕಥೆ ಎಲ್ಲರಿಗೂ ಗೊತ್ತು. ಪಾರಿವಾಳ ಬಂದು ಮಡಿಲಿಗೆ ಬಿತ್ತು, ಹಿಂದೆಯೇ ಗಿಡುಗ ಬಂತು. ಮಕ್ಕಳಿಗೆ ಹೇಳುವಾಗ ನಾವು ತಕ್ಕಡಿ, ತೊಡೆಯ ಮಾಂಸ ಇವಕ್ಕೇ ಹೋಗಿಬಿಡುತ್ತೇವೆ. ಅದಕ್ಕೂ ಮುಂಚೆ ಗಿಡುಗ ಒಂದು ವಾದ ಹೂಡುತ್ತೆ: ಇದು ನನ್ನ ಆಹಾರ, ನೀನು ಒಂದು ಜೀವ ಉಳಿಸಲು ಹೋಗಿ ನನ್ನನ್ನೂ ನನ್ನ ಸಂಸಾರವನ್ನೂ ಉಪವಾಸ ಕೆಡವುತ್ತೀಯಲ್ಲ, ಇದ್ಯಾವ ಧರ್ಮ? ಶಿಬಿಯ ಹತ್ತಿರ ಅದಕ್ಕೆ ಮಾತಿನ ಉತ್ತರ ಇರಲಿಲ್ಲ, ಅದಕ್ಕೇ ಚೂರಿ ತಗೊಂಡ. ಅಮ್ಮ ಹೇಳುವುದೂ ಗಿಡುಗದ ವಾದವನ್ನೇ. ಆದರೆ ಅಮ್ಮನ ಜೊತೆ ಜಗಳ ಕಾಯಲು ನನಗೊಂದು ಅಸ್ತ್ರವಿದೆ. ಸುಬ್ಬಿಗೆ ಹೊಟ್ಟೆ ಹಸಿದಿಲ್ಲ! ಬೆಳಿಗ್ಗೆ ಐದೂವರೆಗೆ ಎರಡು ಹಿಡಿ ಕಾಳು ತಿಂದು, ಆರಕ್ಕೆ ಓತಿಕ್ಯಾತ ತರುವವಳು ಅವಳು. ಬೆಕ್ಕುಗಳಲ್ಲಿ ಹಸಿವೂ ಬೇಟೆಯ ತುಡಿತವೂ ಬೇರೆ ಬೇರೆ. ಒಂದು ಇಲಿ ಅಂದರೆ ಬೆಕ್ಕಿಗೆ ಒಂದು ತುತ್ತು, ಹತ್ತು ಸಲ ಹಾರಿದರೆ ಎಷ್ಟೋ ಸಲ ತಪ್ಪುತ್ತೆ. ಹಸಿವಾದ ಮೇಲೆ ನೋಡಿಕೊಳ್ಳೋಣ ಅಂತ ಕೂತರೆ ಕೆಲಸ ಕೆಟ್ಟಿತು. ಹಾಗಾಗಿ ಹೊಟ್ಟೆ ತುಂಬಿದ್ದರೂ ಕಣ್ಣೆದುರು ಏನಾದರೂ ಸರಿದಾಡಿದರೆ ಕೈ ಸುಮ್ಮನಿರದು.

"ಹಸಿವಿಲ್ಲದ ಮೇಲೆ ಕಿತ್ಕೊಂಡ್ರೆ ಏನು ಪಾಪ ಅಮ್ಮ?" ಅಂದೆ ಒಂದು ದಿನ.

"ನಿಂಗೂ ಹಸಿವಿಲ್ಲದೆ ಇದ್ದಾಗ ಸಂತೆಗೆ ಹೋಗೋದು ಬಿಡ್ತೀಯಾ?" ಅಂದಳು.

ಏಪ್ರಿಲ್‌ನಲ್ಲಿ ಪಿಕಳಾರ ಬಂತು. ನಮ್ಮ ದಾಸವಾಳದ ಗಿಡದಲ್ಲೇ ಗೂಡು ಕಟ್ಟಿತ್ತು, ಮೂರು ಮೊಟ್ಟೆ. ಮಗಳು ದಿನಾ ಕುರ್ಚಿ ಹತ್ತಿ ಇಣುಕುತ್ತಿದ್ದಳು. ಮರಿಗಳು ಗೂಡಿನಿಂದ ಇಳಿದ ಮೂರನೇ ದಿನ ಆ ದನಿ ಕೇಳಿತು. ಓಡಿ ಹೋದೆ. ಸುಬ್ಬಿಯ ಬಾಯಲ್ಲಿ ಮರಿ, ರೆಕ್ಕೆ ಬಿಡಿಸಿಕೊಂಡು, ಕಣ್ಣು ಬಿಟ್ಟುಕೊಂಡು. ಹೊರಗೆ ತಾಯಿ ತಂದೆ ಎರಡೂ ತಂತಿಯ ಮೇಲೆ ಕೂತು ಅರಚುತ್ತಿದ್ದವು. ಸುಬ್ಬಿಯ ಕತ್ತಿನ ಹಿಂದೆ ಹಿಡಿದು, ದವಡೆ ಒತ್ತಿ ಬಿಡಿಸಿದೆ. ಗಾಯ ಕಾಣಲಿಲ್ಲ. ರೆಕ್ಕೆಯ ಕೆಳಗೆ ಸೂಜಿ ಚುಚ್ಚಿದಷ್ಟು ಒಂದು ಕೆಂಪು ಚುಕ್ಕೆ. ಹೊರಗೆ ಬಿಟ್ಟರೆ ಹಾರಲಿಲ್ಲ. ಮಗಳು ತನ್ನ ಸ್ಕೂಲ್ ಶೂ ಡಬ್ಬಿ ತಂದಳು, ತೂತು ಮಾಡಿದಳು, ಹಳೇ ಪಂಚೆ ಹರಿದು ಹಾಸಿದಳು. ಕ್ಯಾಲೆಂಡರಿನಲ್ಲಿ ತಾನೇ 'ಪಿಕಳಾರ - ಬಿ' ಅಂತ ಬರೆದಳು.

ಅದು ಇಡೀ ದಿನ ಮೈ ಉಬ್ಬಿಸಿಕೊಂಡು ಕೂತಿತ್ತು. ರಾತ್ರಿ ಕತ್ತು ನಿಲ್ಲದಾಯಿತು. ನಾನು ಎರಡು ಸಲ ಎದ್ದು ನೋಡಿದೆ. ಮೂರನೇ ಸಲ ನೋಡಿದಾಗ ಪಕ್ಕಕ್ಕೆ ಒರಗಿ ಬಾಯಿ ತೆರೆದು ತೆರೆದು ಮುಚ್ಚುತ್ತಿತ್ತು. ಬೆಳಕು ಹರಿಯುವ ಹೊತ್ತಿಗೆ ಮುಗಿಯಿತು. ಅದೇ ವೈದ್ಯರಿಗೆ ಫೋನ್ ಮಾಡಿದಾಗ ಹೇಳಿದರು, ಬೆಕ್ಕಿನ ಬಾಯಿಯ ಬ್ಯಾಕ್ಟೀರಿಯಾ ಹಕ್ಕಿಗಳ ರಕ್ತಕ್ಕೆ ಸೇರಿದರೆ ವಿಷದ ಹಾಗೆ, ಹಲ್ಲು ಸೋಕಿದ ಚುಕ್ಕೆಯಷ್ಟು ಗಾಯವಾದರೂ ಬೇಗನೆ ಆ್ಯಂಟಿಬಯೋಟಿಕ್ ಕೊಡದಿದ್ದರೆ ಒಂದೆರಡು ದಿನದಲ್ಲಿ ಹೋಗುತ್ತವೆ ಅಂತ. ಸುಬ್ಬಿಗೆ ಬಿಟ್ಟಿದ್ದರೆ ಎರಡು ನಿಮಿಷ. ನಾನು ಬಿಡಿಸಿದ್ದರಿಂದ ಇಪ್ಪತ್ತೆರಡು ಗಂಟೆ.

ಕ್ಯಾಲೆಂಡರಿನ ಮುಂದೆ ನಿಂತು ಆಮೇಲೆ ಯೋಚಿಸಿದೆ. ಅಲ್ಲಿರುವ 'ಬಿ'ಗಳಲ್ಲಿ ಎಷ್ಟು ನಿಜವಾಗಿ 'ಬಿ'? ಬಾಲ ಕಳೆದುಕೊಂಡ ಹಾವುರಾಣಿ ಬದುಕಿರಬಹುದು, ಬಾಲ ಮತ್ತೆ ಬೆಳೆಯುತ್ತೆ. ಬೇಲಿ ಪಕ್ಕ ಬಿಟ್ಟ ಆ ಸೂರಕ್ಕಿ? ಅದು ಹಾರಿಹೋದದ್ದನ್ನು ನೋಡಿ ನಾನು ಒಳಗೆ ಬಂದಿದ್ದೆ. ಎಲ್ಲಿಗೆ ಹಾರಿತು, ಎಷ್ಟು ಹೊತ್ತು ಇತ್ತು, ಯಾರಿಗೆ ಗೊತ್ತು. ನಾನು ಉಳಿಸಿದ್ದು ಅದರ ಜೀವವನ್ನಲ್ಲ, ಬಹುಶಃ ನನ್ನ ನಡುಮನೆಯಲ್ಲಿ ಅದು ಸಾಯುವುದನ್ನು ನೋಡುವ ಕಷ್ಟದಿಂದ ನನ್ನನ್ನು.

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಸಾಕುಬೆಕ್ಕುಗಳ ಕೊರಳಿಗೆ ಪುಟ್ಟ ಕ್ಯಾಮರಾ ಕಟ್ಟಿ ನೋಡಿದ್ದರು, ಅದರ ವರದಿ 2013ರಲ್ಲಿ ಬಂತು. ಅವು ಹಿಡಿದ ಬೇಟೆಯಲ್ಲಿ ಮನೆಗೆ ತಂದದ್ದು ನಾಲ್ಕರಲ್ಲೊಂದು ಪಾಲೂ ಇಲ್ಲ. ಹೆಚ್ಚುಕಮ್ಮಿ ಅರ್ಧದಷ್ಟನ್ನು ಹಿಡಿದಲ್ಲೇ ಬಿಟ್ಟು ಹೋಗಿದ್ದವು, ಉಳಿದದ್ದು ತಿಂದಿದ್ದವು. ಸುಬ್ಬಿಯೂ ಹಾಗೇ ಅಂದುಕೊಂಡರೆ ನನ್ನ ಕ್ಯಾಲೆಂಡರು ಕಾಲು ಭಾಗದ ಲೆಕ್ಕ. ಉಳಿದ ಮುಕ್ಕಾಲು ಭಾಗ ಪಕ್ಕದ ಸೈಟಿನ ಪಾರ್ಥೇನಿಯಂ ಒಳಗೆ ಆಗುತ್ತೆ, ಅದಕ್ಕಾಗಿ ನಾನು ಒಂದು ರಾತ್ರಿಯೂ ಎದ್ದಿಲ್ಲ. ಕಣ್ಣು ಮುಚ್ಚಿ ಹಾಲು ಕುಡಿಯುವುದು ಬೆಕ್ಕು ಅಂತ ಯಾರು ಹೇಳಿದರೋ!

ಹೊಸಿಲು ದಾಟಿ ಬಂದದ್ದಕ್ಕೆ ಮಾತ್ರ ನಾನು ಹೊಣೆ ಅಂತ ಅಂದುಕೊಂಡಿದ್ದೆ. ಹೊಸಿಲಿನ ಆಚೆ ಪ್ರಕೃತಿ, ಈಚೆ ಮನೆ. ಆದರೆ ಆಚೆ ಇರುವ ಸುಬ್ಬಿಯೂ ನಮ್ಮನೆಯವಳೇ ಅಲ್ಲವೇ. ಅವಳ ಹೊಟ್ಟೆ ತುಂಬಿಸಿ, ಲಸಿಕೆ ಹಾಕಿಸಿ, ಆರು ಗಂಟೆಗೆ ಬಾಗಿಲು ತೆಗೆದು ಹೊರಗೆ ಕಳಿಸುವವಳು ನಾನು. ಕಾಡುಬೆಕ್ಕಿಗೆ ಬೇಟೆ ಕಮ್ಮಿಯಾದರೆ ಅದೂ ಕಮ್ಮಿಯಾಗುತ್ತೆ. ಸುಬ್ಬಿ ಕಮ್ಮಿಯಾಗುವುದಿಲ್ಲ, ಅವಳ ಕಾಳಿನ ಚೀಲ ಪ್ರತಿ ತಿಂಗಳು ಬರುತ್ತೆ. ಪ್ರಕೃತಿ ಅಂತ ಅದನ್ನು ಹೇಗೆ ಕರೆಯೋದು?

ಹಾಗಂತ ಪೂರ್ತಿ ಒಳಗೆ ಕೂಡಿಹಾಕೋಣ ಅಂದರೆ, ಒಂದು ವಾರ ಮಾಡಿ ನೋಡಿದೆವು. ಕಿಟಕಿ ಮುಂದೆ ಕೂತು ಹಲ್ಲು ಕಟಕಟ ಅನ್ನಿಸುತ್ತಿದ್ದಳು, ರಾತ್ರಿಯೆಲ್ಲ ಬಾಗಿಲು ಕೆರೆದಳು, ಇವರ ಸ್ವೆಟರಿನ ಮೇಲೆ ಉಚ್ಚೆ ಹೊಯ್ದಳು. ಮರಿಯಿಂದಲೇ ಒಳಗೆ ಬೆಳೆಸಿದ್ದರೆ ಹೊಂದಿಕೊಳ್ಳುತ್ತಿದ್ದಳೇನೋ. ಸುಪಾರಿ ಕೊಟ್ಟು ಕರೆಸಿಕೊಂಡವಳಿಗೆ ಈಗ ಸನ್ನಡತೆಯ ಪಾಠ ಹೇಳಿದರೆ ಅದೂ ಒಂದು ಥರ ಹಿಂಸೆಯೇ. ಗಂಟೆ ಕಟ್ಟೋಣ ಅಂತ ಮಗಳು ಹೇಳಿದಳು. ಇಂಗ್ಲೆಂಡಿನಲ್ಲಿ 355 ಬೆಕ್ಕುಗಳ ಮೇಲೆ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ಓದಿದೆ. ಗಂಟೆಯಿಂದ ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲವಂತೆ. ಮಾಂಸದ ಪ್ರಮಾಣ ಹೆಚ್ಚಿರುವ ಆಹಾರ ಕೊಟ್ಟ ಮನೆಗಳಲ್ಲಿ ಬೆಕ್ಕು ತರುವ ಬೇಟೆ ಶೇ. 36ರಷ್ಟು, ದಿನಾ ಐದತ್ತು ನಿಮಿಷ ಆಟ ಆಡಿಸಿದರೆ ಶೇ. 25ರಷ್ಟು ಕಮ್ಮಿಯಾಯಿತಂತೆ. ಅಂದರೆ ಓತಿಕ್ಯಾತ ಉಳಿಯಬೇಕಾದರೆ ಇನ್ನಷ್ಟು ಕೋಳಿ ಬೇಕು. ನಕ್ಕುಬಿಟ್ಟೆ.

ಈಗ ನಮ್ಮಲ್ಲಿ ನಡೆಯುವುದು ಇಷ್ಟು. ಸಾಯಂಕಾಲ ಐದಕ್ಕೆ ಒಳಗೆ, ಬೆಳಿಗ್ಗೆ ಎಂಟರ ಮೇಲೆ ಹೊರಗೆ. ದಾಸವಾಳದಲ್ಲಿ ಗೂಡು ಕಂಡರೆ ಮರಿ ಹಾರುವವರೆಗೆ ಹೊರಗೆ ಬಿಡುವುದೇ ಇಲ್ಲ, ಎಷ್ಟು ಕೆರೆದರೂ. ರಾತ್ರಿ ಊಟಕ್ಕೆ ಮುಂಚೆ ಮಗಳು ಕೋಲಿಗೆ ಕೋಳಿಪುಕ್ಕ ಕಟ್ಟಿ ಆಟ ಆಡಿಸುತ್ತಾಳೆ. ಕ್ಯಾಲೆಂಡರಿನಲ್ಲಿ ಹೆಸರುಗಳು ಕಮ್ಮಿಯಾಗಿವೆ. ನಿಂತಿಲ್ಲ.

ಜುಲೈಯಲ್ಲಿ ಒಂದು ಮಧ್ಯಾಹ್ನ, ಮಳೆ ಹಿಡಿದಿತ್ತು, ಸುಬ್ಬಿ ಬಚ್ಚಲುಮನೆಗೆ ಇಲಿ ತಂದಳು. ಅವಳನ್ನು ಹೊರಗೆ ಹಾಕಿ ಬಾಗಿಲು ಮುಚ್ಚಿ ಬುಟ್ಟಿ ಹಿಡಿದು ನೋಡಿದೆ. ಇಲಿಯ ಸೊಂಟ ಮುರಿದಿತ್ತು. ಮುಂಗಾಲಿನಲ್ಲಿ ಮೈ ಎಳೆದುಕೊಂಡು ನೀರು ಹೋಗುವ ತೂತಿನ ಕಡೆ ಹೋಗುತ್ತಿತ್ತು, ಒಂದಂಗುಲ ಹೋಗಿ ನಿಲ್ಲುತ್ತಿತ್ತು. ಹೊರಗೆ ಬಿಟ್ಟರೆ ಕಾಗೆ, ಇಲ್ಲವೇ ಇರುವೆ. ಪಿಕಳಾರದ ರಾತ್ರಿ ನನಗೆ ನೆನಪಿತ್ತು. ಏನು ಮಾಡಬೇಕು ಅನ್ನೋದು ಗೊತ್ತಿತ್ತು. ಪಕ್ಕದಲ್ಲೇ ಕಲ್ಲಿತ್ತು, ಕಾಲು ತಿಕ್ಕುವ ಕಲ್ಲು. ಎತ್ತಿದೆ, ಕೆಳಗಿಟ್ಟೆ. ಮತ್ತೆ ಎತ್ತಿದೆ.

ಎಷ್ಟು ಹೊತ್ತು ಹಾಗೆ ಕೂತಿದ್ದೆನೋ. ಅಮ್ಮ ಗೋಡೆ ಹಿಡಿದುಕೊಂಡು ಬಂದು ಬಾಗಿಲು ಸರಿಸಿ ನೋಡಿದಳು.

"ನಿನ್ನ ಕೈಲಿ ಆಗುತ್ತಾ?"

"ಇಲ್ಲ ಅಮ್ಮ."

"ಹಂಗಾದ್ರೆ ಏಳು ಅಲ್ಲಿಂದ."

ನಾನು ಎದ್ದು ಹೊರಗೆ ಬಂದೆ. ಅವಳು ಬಾಗಿಲನ್ನು ಒಂದು ಗೇಣು ತೆಗೆದಳು, ಸುಬ್ಬಿ ಒಳಗೆ ಹೋದಳು, ಅಮ್ಮ ಬಾಗಿಲು ಹಾಕಿ ಅಗುಳಿ ಎಳೆದಳು. ಇಬ್ಬರೂ ಅಲ್ಲೇ ನಿಂತೆವು. ಮಳೆಯ ಸದ್ದು ಬಿಟ್ಟರೆ ಬೇರೆ ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಅಮ್ಮ "ಆಯ್ತು" ಅಂದು, ತನ್ನ ಕುರ್ಚಿಗೆ ಹೋದಳು. ನಾನು ಬಕೆಟ್ಟಿಗೆ ನೀರು ಹಿಡಿದು ಫಿನಾಯಿಲ್ ಹುಡುಕಿದೆ.

ಸಾಯಂಕಾಲ ಕ್ಯಾಲೆಂಡರಿನಲ್ಲಿ 'ಇಲಿ' ಅಂತ ಬರೆದೆ. 'ಸ' ಬರೆಯಲು ಹೋಗಿ ನಿಲ್ಲಿಸಿ, 'ಕೊ' ಅಂತ ಬರೆದೆ. ಸ್ಕೂಲಿನಿಂದ ಬಂದ ಮಗಳು ಒದ್ದೆ ಶೂ ಬಿಚ್ಚುತ್ತಾ ಅದನ್ನೇ ನೋಡಿದಳು.

"ಕೊ ಅಂದ್ರೆ ಏನಮ್ಮಾ?"

"ಕೊಟ್ಟಿದ್ದು" ಅಂದೆ.